ಓವರ್‌ಕ್ಲಾಕಿಂಗ್: ಮದರ್‌ಬೋರ್ಡ್ ವೋಲ್ಟೇಜಿನ ದೋಷ ಪತ್ತೆ

ಪ್ರೊಸೆಸರನ್ನು ತಯಾರಕರು ನಿಗದಿ ಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದೇ ಓವರ್‌ಕ್ಲಾಕಿಂಗ್. ವೇಗ ಏರಿದಂತೆ ಪ್ರೊಸೆಸರಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಆ ವೋಲ್ಟೇಜನ್ನು ಕೊಡುವುದು ಮದರ್‌ಬೋರ್ಡು. ಎಷ್ಟು ಕೊಡಬೇಕೆಂದು ಬಳಕೆದಾರರು ಬಯಾಸ್‌ನಲ್ಲಿ ನಮೂದಿಸುತ್ತಾರೆ. ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರ್ ಹ್ಯಾಂಗ್ ಆಗುವುದು, ನೀಲಿ ಪರದೆ ತೋರಿಸುವುದು, ತಾನಾಗಿ ರೀಸ್ಟಾರ್ಟ್ ಆಗುವುದು, ಆನ್ ಆದರೂ ಪರದೆಗೆ ಏನೂ ಬಾರದಿರುವುದು ಬಹುಪಾಲು ಈ ಲೆಕ್ಕ ತಪ್ಪಿದಾಗ. ಬಯಾಸ್‌ನಲ್ಲಿ ಬರೆದ ಅಂಕಿ ಚಿಪ್‌ನೊಳಗಿನ ಟ್ರಾನ್ಸಿಸ್ಟರುಗಳಿಗೆ ಇದ್ದಂತೆಯೇ ತಲುಪುವುದು ಅಪರೂಪ. ಈ ಎರಡರ ನಡುವೆ ಎಲ್ಲಿ, ಯಾವಾಗ, ಎಷ್ಟು ವ್ಯತ್ಯಾಸ ಬೀಳುತ್ತಿದೆ ಎಂದು ಕಂಡುಹಿಡಿಯುವುದೇ ವೋಲ್ಟೇಜಿನ ದೋಷ ಪತ್ತೆ.

ವೋಲ್ಟೇಜ್ ಮತ್ತು ವೇಗದ ಸಂಬಂಧ

ಪ್ರೊಸೆಸರಿನ ಪ್ರತಿ ಟ್ರಾನ್ಸಿಸ್ಟರೂ ಒಂದು ಸ್ವಿಚ್ಚು. ಅದು ಸ್ಥಿತಿ ಬದಲಿಸುವಾಗ ಮುಂದಿನ ಗೇಟಿಗೆ ಒಂದಿಷ್ಟು ವಿದ್ಯುದಾವೇಶ ತುಂಬಬೇಕಾಗುತ್ತದೆ. ವೋಲ್ಟೇಜ್ ಹೆಚ್ಚಿದ್ದಷ್ಟೂ ಆವೇಶ ಬೇಗ ತುಂಬುತ್ತದೆ. 5 ಗಿಗಾಹರ್ಟ್ಜ್ ವೇಗದಲ್ಲಿ ಒಂದು ಕ್ಲಾಕ್ ಸುತ್ತಿಗೆ ಸಿಗುವ ಸಮಯ ನ್ಯಾನೊಸೆಕೆಂಡಿನ ಐದನೆಯ ಒಂದು ಪಾಲು ಮಾತ್ರ. ಅಷ್ಟರೊಳಗೆ ಸಂಕೇತವು ಸಾಲು ಗೇಟುಗಳನ್ನು ದಾಟಿ ಗುರಿ ಮುಟ್ಟಬೇಕು. ಮುಟ್ಟದಿದ್ದರೆ 1 ಇರಬೇಕಾದ ಕಡೆ 0 ದಾಖಲಾಗುತ್ತದೆ. ಆ ತಪ್ಪು ಬಿಟ್ ಚಿತ್ರವೊಂದರ ಬಣ್ಣದಲ್ಲಿ ಬಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ. ಮೆಮೊರಿ ವಿಳಾಸದಲ್ಲಿ ಬಿದ್ದರೆ ಆಪರೇಟಿಂಗ್ ಸಿಸ್ಟಮ್ ಕುಸಿಯುತ್ತದೆ. ಒಂದೇ ಕೊರತೆ ಬೇರೆ ಬೇರೆ ದಿನ ಬೇರೆ ಬೇರೆ ರೋಗಲಕ್ಷಣ ತೋರಿಸುವುದು ಇದರಿಂದಲೇ.

ಹಾಗೆಂದು ವೋಲ್ಟೇಜನ್ನು ಮನಬಂದಂತೆ ಏರಿಸುವಂತಿಲ್ಲ. ಸ್ವಿಚಿಂಗ್‌ಗೆ ಖರ್ಚಾಗುವ ವಿದ್ಯುತ್ ಶಕ್ತಿ ವೇಗಕ್ಕೆ ನೇರ ಅನುಪಾತದಲ್ಲೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲೂ ಬೆಳೆಯುತ್ತದೆ. 1.20 ವೋಲ್ಟಿನಲ್ಲಿ 100 ವ್ಯಾಟ್ ತಿನ್ನುವ ಪ್ರೊಸೆಸರಿನ ವೇಗವನ್ನೂ ವೋಲ್ಟೇಜನ್ನೂ ಶೇ. 10ರಷ್ಟು ಹೆಚ್ಚಿಸಿದರೆ, ಅಂದರೆ ವೋಲ್ಟೇಜನ್ನು 1.32ಕ್ಕೆ ಒಯ್ದರೆ, ಈ ಖರ್ಚು 133 ವ್ಯಾಟಿಗೆ ಏರುತ್ತದೆ. ವೇಗ ಶೇ. 10 ಹೆಚ್ಚಲು ಶೇ. 33 ಹೆಚ್ಚು ಬಿಸಿ. ಬಿಸಿ ಏರಿದಾಗ ಟ್ರಾನ್ಸಿಸ್ಟರುಗಳಿಂದ ಸೋರುವ ಕರೆಂಟೂ ಏರಿ ಇನ್ನಷ್ಟು ಬಿಸಿ ಹುಟ್ಟುತ್ತದೆ. ಒಂದು ಹಂತ ದಾಟಿದ ಮೇಲೆ ವೋಲ್ಟೇಜ್ ಸೇರಿಸಿದಷ್ಟೂ ಸ್ಥಿರತೆ ಕೆಡುವುದು ಇದೇ ಕಾರಣಕ್ಕೆ. ಹೊಸಬರಿಗೆ ಇದು ಒಗಟಾಗಿ ಕಾಣುತ್ತದೆ: ವೋಲ್ಟೇಜ್ ಕಮ್ಮಿಯಾದಾಗ ಕುಸಿದ ಯಂತ್ರ ಹೆಚ್ಚಾದಾಗಲೂ ಕುಸಿಯುತ್ತದೆ, ಪರದೆಯ ಮೇಲೆ ಕಾಣುವ ದೋಷ ಸಂದೇಶವೂ ಹಲವು ಸಲ ಒಂದೇ ಆಗಿರುತ್ತದೆ.

ಹಿನ್ನೆಲೆ

1990ರ ದಶಕದ ಹಲವು ಬೋರ್ಡುಗಳಲ್ಲಿ ವೋಲ್ಟೇಜನ್ನು ಜಂಪರುಗಳಿಂದ ಆರಿಸಬೇಕಿತ್ತು. ಜಂಪರ್ ತಪ್ಪಾಗಿ ಕೂತರೆ ಚಿಪ್ ಸುಟ್ಟೇ ಹೋಗುತ್ತಿತ್ತು. ಆಯ್ಕೆಗಳು ಬಯಾಸ್ ಪರದೆಗೆ ಬಂದ ಮೇಲೆ ಓವರ್‌ಕ್ಲಾಕಿಂಗ್ ಸಾಮಾನ್ಯರ ಹವ್ಯಾಸವಾಯಿತು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಇದಕ್ಕೆ ದೊಡ್ಡ ಹೆಸರು ತಂದಿತು. 66 ಮೆಗಾಹರ್ಟ್ಜ್ ಬಸ್ಸನ್ನು 100ಕ್ಕೆ ಏರಿಸಿದರೆ 300ರ ಚಿಪ್ 450ರಲ್ಲಿ ಓಡುತ್ತಿತ್ತು, ಅದೂ ಹಲವು ಬಾರಿ ವೋಲ್ಟೇಜ್ ಮುಟ್ಟದೆಯೇ. 2002ರ ಪೆಂಟಿಯಮ್ 4 ನಾರ್ತ್‌ವುಡ್ ಮಾತ್ರ ಬೇರೆ ಪಾಠ ಕಲಿಸಿತು. 1.5 ವೋಲ್ಟಿಗೆಂದು ಮಾಡಿದ ಆ ಚಿಪ್‌ಗಳಿಗೆ 1.7ಕ್ಕೂ ಹೆಚ್ಚು ಕೊಟ್ಟವರು ಕೆಲವು ವಾರ, ತಿಂಗಳುಗಳಲ್ಲೇ ಅವನ್ನು ಕಳೆದುಕೊಂಡರು. 2008ರ ನವೆಂಬರಿನಲ್ಲಿ ಬಂದ ಮೊದಲ ಕೋರ್ ಐ7ನಲ್ಲಿ ಮೆಮೊರಿ ಕಂಟ್ರೋಲರ್ ಪ್ರೊಸೆಸರಿನ ಒಳಗೇ ಸೇರಿಕೊಂಡಿತು. ಮೆಮೊರಿಗೆ ಕೊಟ್ಟ ವೋಲ್ಟೇಜೂ ಪ್ರೊಸೆಸರಿನ ಜೀವಕ್ಕೆ ಸಂಬಂಧಪಟ್ಟ ವಿಷಯವಾಯಿತು, 1.65 ವೋಲ್ಟ್ ಮೀರಬೇಡಿ ಎಂಬ ಎಚ್ಚರಿಕೆ ಬೋರ್ಡುಗಳ ಮೇಲೆಯೇ ಅಂಟಿಕೊಂಡು ಬಂತು.

2011ರ ಜನವರಿಯ ಸ್ಯಾಂಡಿ ಬ್ರಿಜ್‌ನಲ್ಲಿ ಇಂಟೆಲ್ ಎಲ್ಲ ಭಾಗಗಳ ಕ್ಲಾಕನ್ನೂ 100 ಮೆಗಾಹರ್ಟ್ಜಿನ ಒಂದೇ ಮೂಲಕ್ಕೆ ಕಟ್ಟಿತು. ಅದನ್ನು ಶೇ. 5ರಷ್ಟು ಅಲುಗಿಸಿದರೂ ಡಿಸ್ಕ್, ಗ್ರಾಫಿಕ್ಸ್ ಕಾರ್ಡುಗಳ ಸಂಪರ್ಕ ತೊಂದರೆ ಕೊಡುವುದರಿಂದ ಅಂದಿನಿಂದ ಓವರ್‌ಕ್ಲಾಕಿಂಗ್ ಎಂದರೆ ಮುಖ್ಯವಾಗಿ ಆ ಮೂಲವನ್ನು ಗುಣಿಸುವ ಗುಣಕವನ್ನು ಏರಿಸುವುದು. ಆ ಸೌಲಭ್ಯ ಇರುವುದು ಹೆಸರಿನ ಕೊನೆಗೆ 'ಕೆ' ಅಕ್ಷರವಿರುವ ಚಿಪ್‌ಗಳಲ್ಲಿ, 'ಝಡ್' ಸರಣಿಯ ಬೋರ್ಡುಗಳಲ್ಲಿ. ಎಎಮ್‌ಡಿ 2017ರಿಂದ ರೈಜೆನ್ ಚಿಪ್‌ಗಳ ಗುಣಕವನ್ನು ಬಹುಮಟ್ಟಿಗೆ ತೆರೆದಿಟ್ಟಿದೆ.

ಓವರ್‌ಕ್ಲಾಕಿಂಗ್ ಹವ್ಯಾಸವಿರುವ ಬೆಂಗಳೂರು ಚಿಪ್ ವಿನ್ಯಾಸದ ಊರೂ ಹೌದು. 2008ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಇಂಟೆಲ್‌ನ ಆರು ಕೋರ್‌ಗಳ ಸರ್ವರ್ ಚಿಪ್ ಜಿಯಾನ್ 7400, ಅಂದರೆ ಡನಿಂಗ್ಟನ್, ಬಹುಪಾಲು ಇಲ್ಲಿಯೇ ವಿನ್ಯಾಸಗೊಂಡಿತು. ಎಎಮ್‌ಡಿ 2023ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರ ಟೆಕ್ನೊಸ್ಟಾರ್ ಅನ್ನು ಇಲ್ಲಿ ತೆರೆಯಿತು. ಆದರೆ ಸರ್ವರ್ ಬೋರ್ಡುಗಳಲ್ಲಿ ವೋಲ್ಟೇಜಿನ ಆಯ್ಕೆಯನ್ನು ಬಳಕೆದಾರರ ಕೈಗೆ ಕೊಡುವ ವಾಡಿಕೆಯಿಲ್ಲ. ಊರಿನ ಓವರ್‌ಕ್ಲಾಕಿಂಗ್ ನಡೆಯುವುದು ಯಲಹಂಕದ ಎಂಜಿನಿಯರಿಂಗ್ ಕಾಲೇಜುಗಳ ಸುತ್ತಲಿನ ಹಾಸ್ಟೆಲು, ಪಿಜಿಗಳಲ್ಲಿ, ಹೆಬ್ಬಾಳ, ಆರ್.ಟಿ. ನಗರಗಳ ಬಾಡಿಗೆ ಮನೆಗಳಲ್ಲಿ. ಬಿಡಿಭಾಗಕ್ಕೆ ಈ ಹವ್ಯಾಸಿಗಳು ಹೋಗುವುದು ಎಸ್.ಪಿ. ರಸ್ತೆಗೆ, ಯಶವಂತಪುರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಚಿಕ್ಕಪೇಟೆಯಲ್ಲಿ ಇಳಿದು ನಡೆದುಬಿಡಬಹುದು.

ವೋಲ್ಟೇಜ್ ಬರುವ ದಾರಿ

ಗೋಡೆಯ ಸಾಕೆಟ್ಟಿನ 230 ವೋಲ್ಟ್ ಎಸಿಯನ್ನು ಪವರ್ ಸಪ್ಲೈ 12 ವೋಲ್ಟ್ ಡಿಸಿಗೆ ಇಳಿಸುತ್ತದೆ. ಅದು ಎಂಟು ಪಿನ್ನಿನ ಕನೆಕ್ಟರಿನ ಮೂಲಕ ಬೋರ್ಡಿನ ಮೂಲೆಗೆ ಬರುತ್ತದೆ. ಅಲ್ಲಿಂದ ಮುಂದೆ ವೋಲ್ಟೇಜ್ ರೆಗ್ಯುಲೇಟರ್ ಮಾಡ್ಯೂಲ್, ಅಂದರೆ ವಿಆರ್‌ಎಮ್, 12 ವೋಲ್ಟನ್ನು 1.2ರ ಆಸುಪಾಸಿಗೆ ಇಳಿಸುತ್ತದೆ. ಸಾಕೆಟ್ಟಿನ ಪಕ್ಕ ಸಾಲಾಗಿ ಕೂತ ಚೌಕಾಕಾರದ ಇಂಡಕ್ಟರುಗಳು, ಹೀಟ್‌ಸಿಂಕಿನಡಿಯ ಮಾಸ್‌ಫೆಟ್‌ಗಳು, ಡಬ್ಬಿಯಾಕಾರದ ಕೆಪಾಸಿಟರುಗಳು ಈ ಮಾಡ್ಯೂಲಿನ ಅಂಗಗಳು. ಪ್ರತಿ ಇಂಡಕ್ಟರಿಗೂ ಒಂದು ಫೇಸ್; ಎಲ್ಲ ಫೇಸುಗಳೂ ಸರದಿಯಲ್ಲಿ ಕೆಲಸ ಮಾಡಿ ಭಾರ ಹಂಚಿಕೊಳ್ಳುತ್ತವೆ.

ಇಲ್ಲಿ ಓಡಾಡುವ ಕರೆಂಟು ಮನೆಯ ವೈರಿಂಗ್ ಕಂಡರಿಯದಷ್ಟು. 250 ವ್ಯಾಟ್ ಎಳೆಯುವ ಪ್ರೊಸೆಸರಿಗೆ 1.25 ವೋಲ್ಟಿನಲ್ಲಿ 200 ಆಂಪಿಯರ್ ಬೇಕು. ಇಷ್ಟು ಕರೆಂಟಿಗೆ ದಾರಿಯಲ್ಲಿ ಒಂದೇ ಒಂದು ಮಿಲಿಓಮ್ ರೋಧ ಅಡ್ಡ ಬಂದರೂ 0.2 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ. ಕೋರ್ ವೋಲ್ಟೇಜನ್ನು ಐದೈದು, ಹತ್ತು ಹತ್ತು ಮಿಲಿವೋಲ್ಟಿನ ಹೆಜ್ಜೆಯಲ್ಲಿ ಹೊಂದಿಸುವ ಕಸುಬಿನಲ್ಲಿ 200 ಮಿಲಿವೋಲ್ಟ್ ಎಂದರೆ ಅಗಾಧ.

2013ರ ಹ್ಯಾಸ್ವೆಲ್‌ನಲ್ಲಿ ಇಂಟೆಲ್ ರೆಗ್ಯುಲೇಟರಿನ ಕೊನೆಯ ಹಂತವನ್ನು ಚಿಪ್ಪಿನೊಳಗೇ ಇಟ್ಟಿತು. ಬೋರ್ಡು ಸುಮಾರು 1.8 ವೋಲ್ಟನ್ನಷ್ಟೇ ಕೊಟ್ಟರೆ ಸಾಕಿತ್ತು. 2015ರ ಸ್ಕೈಲೇಕ್‌ನಲ್ಲಿ ಆ ಕ್ರಮವನ್ನು ಕೈಬಿಟ್ಟಿತು. ಎಸ್.ಪಿ. ರಸ್ತೆಯ ಹಳೆಯ ಮಾಲಿನಲ್ಲಿ ಹ್ಯಾಸ್ವೆಲ್ ಬೋರ್ಡು ಕೊಂಡವರು ಬಯಾಸ್‌ನಲ್ಲಿ 1.8 ಕಂಡು ಗಾಬರಿಯಾಗಬೇಕಿಲ್ಲ. ಅದೇ ಅಂಕಿಯನ್ನು ಈಗಿನ ಚಿಪ್ಪಿನ ಕೋರ್ ವೋಲ್ಟೇಜಿನ ಜಾಗದಲ್ಲಿ ಬರೆದರೆ ಮಾತ್ರ ಚಿಪ್ ಉಳಿಯುವುದಿಲ್ಲ.

ಬಯಾಸ್‌ನಲ್ಲಿ ಕಾಣುವ ಬಗೆಗಳು

ಮುಖ್ಯವಾದುದು ಕೋರ್ ವೋಲ್ಟೇಜ್, ಅಂದರೆ ವಿಕೋರ್. ಮೆಮೊರಿ ಕಂಟ್ರೋಲರ್ ಮತ್ತು ಅದರ ನೆರೆಯ ಭಾಗಗಳಿಗೆ ಇಂಟೆಲ್‌ನಲ್ಲಿ ಸಿಸ್ಟಮ್ ಏಜೆಂಟ್ ವೋಲ್ಟೇಜ್, ಎಎಮ್‌ಡಿಯಲ್ಲಿ ಎಸ್‌ಒಸಿ ವೋಲ್ಟೇಜ್ ಇದೆ. ಮೆಮೊರಿಗೇ ಬೇರೆ ವೋಲ್ಟೇಜ್: ಡಿಡಿಆರ್4ಗೆ ಮೂಲತಃ 1.2, ಎಕ್ಸ್‌ಎಮ್‌ಪಿ ಮೆಮೊರಿ ಪ್ರೊಫೈಲ್ ಆನ್ ಮಾಡಿದಾಗ ಸಾಮಾನ್ಯವಾಗಿ 1.35, ಡಿಡಿಆರ್5ಗೆ ಮೂಲತಃ 1.1. ಡಿಡಿಆರ್5ನಲ್ಲಿ ರೆಗ್ಯುಲೇಟರ್ ಮೆಮೊರಿ ಕಡ್ಡಿಯ ಮೇಲೆಯೇ ಇರುತ್ತದೆ. ಕೆಲವು ಕಡ್ಡಿಗಳಲ್ಲಿ ಅದು 1.435ಕ್ಕಿಂತ ಮೇಲೆ ಹೋಗದಂತೆ ಬೀಗ ಹಾಕಿರುವುದರಿಂದ ಬಯಾಸ್‌ನಲ್ಲಿ 1.45 ಬರೆದರೂ ಪ್ರಯೋಜನವಿಲ್ಲ. ಪಿಎಲ್ಎಲ್ ಮುಂತಾದ ಉಳಿದ ವೋಲ್ಟೇಜುಗಳನ್ನು ಮನೆಬಳಕೆಯ ಓವರ್‌ಕ್ಲಾಕಿಂಗ್‌ನಲ್ಲಿ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ವಿಕೋರನ್ನು ಹೇಳುವ ರೀತಿ ನಾಲ್ಕು. 'ಆಟೊ'ದಲ್ಲಿ ಪ್ರೊಸೆಸರ್ ತನ್ನೊಳಗಿನ ಕೋಷ್ಟಕ ನೋಡಿ ತನಗೆ ಬೇಕಾದ್ದನ್ನು ಕೇಳುತ್ತದೆ, ಬೋರ್ಡು ಕೊಡುತ್ತದೆ. 'ಫಿಕ್ಸೆಡ್'ನಲ್ಲಿ ಕೆಲಸವಿದ್ದರೂ ಇಲ್ಲದಿದ್ದರೂ ಒಂದೇ ಅಂಕಿ. 'ಆಫ್‌ಸೆಟ್'ನಲ್ಲಿ ಪ್ರೊಸೆಸರ್ ಕೇಳಿದ್ದಕ್ಕೆ ಇಷ್ಟು ಸೇರಿಸು ಅಥವಾ ಕಳೆ ಎಂಬ ಆದೇಶ. 'ಅಡಾಪ್ಟಿವ್'ನಲ್ಲಿ ಮೇಲಿನ ಟರ್ಬೊ ವೇಗಗಳಿಗೆ ಮಾತ್ರ ಬಳಕೆದಾರರ ಅಂಕಿ, ಕೆಳಗಿನವಕ್ಕೆ ಕಾರ್ಖಾನೆಯ ಕೋಷ್ಟಕ.

ಬಹಳಷ್ಟು ತೊಂದರೆಗಳ ಬೇರು 'ಆಟೊ'. ಮೂಲ ವೇಗದಲ್ಲಿ ಅದು ನಿರುಪದ್ರವಿ. ಆದರೆ ಗುಣಕವನ್ನೋ ಮೆಮೊರಿ ವೇಗವನ್ನೋ ಏರಿಸಿದ ಕೂಡಲೇ ಹಲವು ಬೋರ್ಡುಗಳು ಯಾವುದೇ ಚಿಪ್ ಕುಸಿಯದಿರಲಿ ಎಂದು ಉದಾರವಾಗಿ ವೋಲ್ಟೇಜ್ ಸೇರಿಸುತ್ತವೆ. ಬಳಕೆದಾರರು ತಾವು ವೋಲ್ಟೇಜನ್ನು ಮುಟ್ಟಿಯೇ ಇಲ್ಲ ಎಂದುಕೊಂಡಿರುತ್ತಾರೆ. ಸಿಸ್ಟಮ್ ಏಜೆಂಟೋ ಎಸ್‌ಒಸಿಯೋ ಏರಿ ಕೂತಿರುತ್ತದೆ. 'ಆಟೊ' ಎಂದು ಬಿಟ್ಟ ಪ್ರತಿ ಸಾಲಿನ ಎದುರು ನಿಜವಾಗಿ ಯಾವ ಅಂಕಿ ಇದೆ ಎಂದು ಮಾನಿಟರಿಂಗ್ ಪುಟದಲ್ಲಿ ಓದಿ ಬರೆದಿಟ್ಟುಕೊಳ್ಳುವುದು ದೋಷ ಪತ್ತೆಯ ಮೊದಲ ಕೆಲಸ.

ಲೋಡ್‌ಲೈನ್

ಕೆಲಸದ ಭಾರ ಬಿದ್ದಾಗ ವಿಕೋರ್ ತಗ್ಗುತ್ತದೆ. ಇದನ್ನು ವಿಡ್ರೂಪ್ ಎನ್ನುತ್ತಾರೆ. ಬೋರ್ಡು ಕೆಟ್ಟಿದ್ದರಿಂದ ಆಗುವುದಲ್ಲ ಇದು, ಬೇಕೆಂದೇ ಇಟ್ಟ ಗುಣ. ರೆಗ್ಯುಲೇಟರ್ ಒಂದು ನಿಗದಿತ ರೋಧ ಇರುವಂತೆ ವರ್ತಿಸುತ್ತದೆ. ಕರೆಂಟು ಏರಿದಷ್ಟೂ ವೋಲ್ಟೇಜ್ ಇಳಿಯುತ್ತದೆ. ಭಾರ ಇದ್ದಕ್ಕಿದ್ದಂತೆ ಬಿಟ್ಟುಹೋದಾಗ ಇಂಡಕ್ಟರಿನಲ್ಲಿ ಹರಿಯುತ್ತಿದ್ದ ಕರೆಂಟು ತಕ್ಷಣ ನಿಲ್ಲುವುದಿಲ್ಲ, ವೋಲ್ಟೇಜ್ ಕ್ಷಣಕಾಲ ಮೇಲಕ್ಕೆ ಚಿಮ್ಮುತ್ತದೆ. ಮೊದಲೇ ತಗ್ಗಿದ್ದರೆ ಆ ಚಿಮ್ಮುವಿಕೆ ಮಿತಿಯೊಳಗೇ ಉಳಿಯುತ್ತದೆ.

ಲೋಡ್‌ಲೈನ್ ಕ್ಯಾಲಿಬ್ರೇಶನ್, ಅಂದರೆ ಎಲ್‌ಎಲ್‌ಸಿ, ಈ ಇಳಿಜಾರನ್ನು ಕಮ್ಮಿ ಮಾಡುವ ಆಯ್ಕೆ. ಒಂದು ಲೆಕ್ಕ ನೋಡಬಹುದು. ಬಯಾಸ್‌ನಲ್ಲಿ 1.30 ವೋಲ್ಟ್ ಫಿಕ್ಸೆಡ್, ಲೋಡ್‌ಲೈನ್ 1.1 ಮಿಲಿಓಮ್, ಭಾರ ಬಿದ್ದಾಗ ಕರೆಂಟು 150 ಆಂಪಿಯರ್. ಇಳಿಕೆ 165 ಮಿಲಿವೋಲ್ಟ್, ಕೋರ್‌ಗೆ ಸಿಗುವುದು 1.135 ಮಾತ್ರ. ಎಲ್‌ಎಲ್‌ಸಿಯಿಂದ ಇಳಿಜಾರನ್ನು 0.3 ಮಿಲಿಓಮಿಗೆ ತಂದರೆ ಇಳಿಕೆ 45 ಮಿಲಿವೋಲ್ಟ್, ಸಿಗುವುದು 1.255. ಬಯಾಸ್‌ನ ಅಂಕಿ ಎರಡೂ ಸಲ 1.30. '1.30ರಲ್ಲಿ ನನ್ನದು ಸ್ಥಿರವಾಗಿದೆ' ಎಂದು ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಮ್ಮ ಬೋರ್ಡಿಗೆ ನಕಲು ಮಾಡಿದರೆ ಫಲ ಸಿಗದಿರುವುದು ಇದರಿಂದ. ಎಲ್‌ಎಲ್‌ಸಿ ಹಂತಗಳಿಗೆ ಕಂಪನಿಗಳು ಕೊಡುವ ಸಂಖ್ಯೆಗಳೂ ಒಂದಕ್ಕೊಂದು ತಾಳೆಯಾಗುವುದಿಲ್ಲ: ಒಂದರಲ್ಲಿ ದೊಡ್ಡ ಅಂಕಿ ಸಮತಟ್ಟಾದರೆ ಮತ್ತೊಂದರಲ್ಲಿ 1 ಎಂಬುದೇ ಅತಿ ಸಮತಟ್ಟು.

ಇಳಿಕೆಯನ್ನು ಪೂರ್ತಿ ಅಳಿಸುವ ಗರಿಷ್ಠ ಹಂತವನ್ನು ಆರಿಸುವುದು ಜಾಣತನವಲ್ಲ. ಪರದೆಯ ಮೇಲೆ ಸರಳ ರೇಖೆ ಕಾಣುತ್ತದೆ ನಿಜ. ಮೈಕ್ರೋಸೆಕೆಂಡುಗಳಲ್ಲಿ ನಡೆಯುವ ಏರಿಳಿತವನ್ನು ಸೆಕೆಂಡಿಗೊಮ್ಮೆ ಓದುವ ಸಾಫ್ಟ್‌ವೇರ್ ಹಿಡಿಯಲಾರದು. ಇಂಥ ಸೆಟ್ಟಿಂಗಿನಲ್ಲಿ ಯಂತ್ರ ಭಾರ ಹೊತ್ತಾಗ ಗಟ್ಟಿಯಾಗಿದ್ದು ಭಾರ ಇಳಿಸುವ, ಏರಿಸುವ ಗಳಿಗೆಯಲ್ಲಿ ಕುಸಿಯುತ್ತದೆ. ಮಧ್ಯದ ಹಂತ ಇಟ್ಟು, ಬಯಾಸ್ ಅಂಕಿಯನ್ನು ತುಸು ಮೇಲೆ ಇಡುವುದು ವಾಸಿ.

ಇಂಟೆಲ್‌ನ ಈಚಿನ ಬೋರ್ಡುಗಳಲ್ಲಿ ಎಸಿ ಲೋಡ್‌ಲೈನ್ ಎಂಬ ಇನ್ನೊಂದು ಸಾಲಿದೆ. ದಾರಿಯಲ್ಲಿ ಇಷ್ಟು ಕಳೆದುಹೋಗುತ್ತದೆ, ಅದನ್ನು ಮೊದಲೇ ಸೇರಿಸಿ ಕೇಳು ಎಂದು ಪ್ರೊಸೆಸರಿಗೆ ಹೇಳುವ ಅಂಕಿ ಅದು. ಎಲ್‌ಎಲ್‌ಸಿಯನ್ನು ಸಮತಟ್ಟು ಮಾಡಿ ಎಸಿ ಲೋಡ್‌ಲೈನನ್ನು 1.1ರಲ್ಲೇ ಬಿಟ್ಟರೆ ಪ್ರೊಸೆಸರ್ ಆಗದ ನಷ್ಟಕ್ಕೆ ಪರಿಹಾರ ಕೇಳಿದಂತಾಗಿ ಆಟೊ ಮತ್ತು ಆಫ್‌ಸೆಟ್ ವಿಧಾನಗಳಲ್ಲಿ ವಿಕೋರ್ ವಿಪರೀತ ಏರುತ್ತದೆ. ಎರಡನ್ನೂ ಒಟ್ಟಿಗೇ ನೋಡಬೇಕು.

ಅಳತೆ

ಸಾಫ್ಟ್‌ವೇರ್ ತೋರಿಸುವ ಹಲವು ವೋಲ್ಟೇಜುಗಳಲ್ಲಿ ವಿಐಡಿ ಎಂಬುದು ಪ್ರೊಸೆಸರ್ ಕೇಳಿದ್ದು. ಸಿಕ್ಕಿದ್ದು ಅಷ್ಟೇ ಎಂದೇನಿಲ್ಲ. ವಿಕೋರ್ ಎಂಬ ಸಾಲು ಬೋರ್ಡಿನ ಸೂಪರ್ ಐ/ಒ ಚಿಪ್ ಅಳೆದದ್ದು. ಅಳತೆಯ ತಂತಿ ಸಾಕೆಟ್ಟಿನ ಹಿಂಬದಿಯಿಂದ ಬಂದಿದ್ದರೆ ಅದು ಚಿಪ್ಪಿನೊಳಗಿನದಕ್ಕಿಂತ ಹೆಚ್ಚು ತೋರಿಸುತ್ತದೆ. ಮೇಲ್ದರ್ಜೆಯ ಬೋರ್ಡುಗಳು ಚಿಪ್ಪಿನ ಒಳಗಿನಿಂದಲೇ ಅಳೆಯುತ್ತವೆ. ರೆಗ್ಯುಲೇಟರ್ ಚಿಪ್ ಕೊಡುವ 'ವಿಆರ್ ವಿಔಟ್' ಸಾಲಿದ್ದರೆ ಅದನ್ನು ನಂಬಬಹುದು.

ಕೆಲವು ಬೋರ್ಡುಗಳಲ್ಲಿ ಮಲ್ಟಿಮೀಟರಿನ ಮೊನೆ ಇಡಲು ಬಿಂದುಗಳಿವೆ. 10 ಮಿಲಿವೋಲ್ಟಿನ ವ್ಯತ್ಯಾಸ ನೋಡಬೇಕಾದಾಗ ಅಗ್ಗದ ಮೀಟರಿನ ತಪ್ಪೇ ಅದಕ್ಕಿಂತ ಹೆಚ್ಚಿರಬಹುದು. ಪೀಣ್ಯದಲ್ಲಿರುವ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಮತ್ತು ಅಭಿವೃದ್ಧಿ ಕೇಂದ್ರದಂಥ ಕಡೆ ಮೀಟರುಗಳ ಕ್ಯಾಲಿಬ್ರೇಶನ್ ಆಗುತ್ತದೆ. ಹವ್ಯಾಸಿಗಳಿಗೆ ಹೊಸ ಬ್ಯಾಟರಿ ಹಾಕಿದ ಒಳ್ಳೆಯ ಮೀಟರೊಂದು ಸಾಕು. ಮೊನೆ ಜಾರಿ ಪಕ್ಕದ ಬಿಂದುವಿಗೆ ತಾಗಿದರೆ ಬೋರ್ಡು ಹೋಯಿತೆಂದೇ ಲೆಕ್ಕ.

ಲಕ್ಷಣ ಮತ್ತು ಕಾರಣ

ಭಾರ ಬಿದ್ದ ಕೆಲವೇ ನಿಮಿಷಗಳಲ್ಲಿ ನೀಲಿ ಪರದೆ ಬರುವುದು, ಪ್ರೈಮ್95 ಎಂಬ ಪರೀಕ್ಷಾ ಸಾಫ್ಟ್‌ವೇರಿನಲ್ಲಿ ಒಂದು ವರ್ಕರ್ ತಪ್ಪು ಲೆಕ್ಕ ಕೊಟ್ಟು ನಿಲ್ಲುವುದು, ಕೋರ್ ವೋಲ್ಟೇಜ್ ಸಾಲದ ನೇರ ಗುರುತು. 'ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್' ಎಂಬ ಸಂದೇಶವೂ ಹೆಚ್ಚಾಗಿ ಇದನ್ನೇ ಹೇಳುತ್ತದೆ. 'ವಿಯಾ ಅನ್‌ಕರೆಕ್ಟಬಲ್ ಎರರ್' ಕೋರ್‌ನಿಂದಲೂ ಬರಬಹುದು, ಮೆಮೊರಿ ಕಂಟ್ರೋಲರಿನಿಂದಲೂ ಬರಬಹುದು. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಅದೇ ಹೊತ್ತಿನ ವಿಯಾ ಲಾಗರ್ ದಾಖಲೆ ನೋಡಿದರೆ ಎಷ್ಟನೆಯ ಕೋರ್, ಕ್ಯಾಶ್ ದೋಷವೋ ಬಸ್ ದೋಷವೋ ಎಂಬ ಸುಳಿವು ಸಿಗುತ್ತದೆ. ಒಂದೇ ಕೋರ್‌ನ ಹೆಸರು ಮತ್ತೆ ಮತ್ತೆ ಬಂದರೆ ಇಡೀ ಚಿಪ್ಪಿನ ವೋಲ್ಟೇಜ್ ಏರಿಸುವ ಬದಲು ಆ ಕೋರ್‌ನ ವೇಗವನ್ನು ಒಂದು ಹೆಜ್ಜೆ ಇಳಿಸುವುದು ಲಾಭದ ದಾರಿ. 19ನೇ ಸಂಖ್ಯೆಯ ದಾಖಲೆಗಳು ಯಂತ್ರ ತಾನೇ ಸರಿಪಡಿಸಿಕೊಂಡ ತಪ್ಪುಗಳು. ಕುಸಿಯದ ಯಂತ್ರದಲ್ಲೂ ಇವು ಗುಪ್ಪೆಯಾಗಿದ್ದರೆ ಓವರ್‌ಕ್ಲಾಕ್ ಸ್ಥಿರವಾಗಿಲ್ಲ. 'ಕರ್ನಲ್ ಪವರ್ 41' ಎಂಬ ದಾಖಲೆಗೆ ಮಾತ್ರ ಅತಿಯಾದ ಅರ್ಥ ಹಚ್ಚಬಾರದು. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ ಎಂದಷ್ಟೇ ಅದು ಹೇಳುತ್ತದೆ, ಮನೆಯ ಕರೆಂಟು ಹೋದರೂ ಅದೇ ದಾಖಲೆ.

ಗಂಟೆಗಟ್ಟಲೆ ಪರೀಕ್ಷೆ ಪಾಸಾದ ಯಂತ್ರ ರಾತ್ರಿ ಖಾಲಿ ಕೂತಾಗ ರೀಸ್ಟಾರ್ಟ್ ಆಗುವುದು ಇನ್ನೊಂದು ಮಾದರಿ. ನೆಗೆಟಿವ್ ಆಫ್‌ಸೆಟ್ ಕೊಟ್ಟವರಿಗೂ ರೈಜೆನ್‌ನಲ್ಲಿ ವೋಲ್ಟೇಜ್ ತಗ್ಗಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗಳಿಗೂ ಮೈನಸ್ 30 ಹಾಕಿದವರಿಗೂ ಇದು ಪರಿಚಿತ. ಎಲ್ಲ ಕೋರ್‌ಗಳೂ ದುಡಿಯುವಾಗ ವೇಗ ಕಡಿಮೆ, ವೋಲ್ಟೇಜ್ ಕಳೆದದ್ದನ್ನು ಯಂತ್ರ ತಡೆದುಕೊಳ್ಳುತ್ತದೆ. ಒಂಟಿ ಕೋರ್ ಗರಿಷ್ಠ ವೇಗಕ್ಕೆ ಜಿಗಿದಾಗಲೋ ಕೆಳಗಿನ ವಿಶ್ರಾಂತಿ ಸ್ಥಿತಿಯಲ್ಲೋ ಸಾಲದಾಗುತ್ತದೆ. ಇದನ್ನು ಹಿಡಿಯಲು ಒಂದೊಂದೇ ಕೋರ್‌ಗೆ ಸರದಿಯಂತೆ ಭಾರ ಹಾಕುವ ಪರೀಕ್ಷೆ ಬೇಕು. ಎಲ್ಲ ಕೋರ್‌ಗಳಿಗೂ ಒಟ್ಟಿಗೆ ಭಾರ ಹಾಕುವ ಸಿನೆಬೆಂಚ್ ಪರೀಕ್ಷೆಯನ್ನು ಎಷ್ಟು ಸಲ ಓಡಿಸಿದರೂ ಸಿಗುವುದಿಲ್ಲ. ಇದೇ ರೈಜೆನ್‌ಗಳಲ್ಲಿ ಹಗುರ ಕೆಲಸದ ಹೊತ್ತು 1.4ರಿಂದ 1.5 ವೋಲ್ಟ್ ಕಂಡರೆ ಅದು ಸಹಜ. ಆ ಕ್ಷಣದಲ್ಲಿ ಹರಿಯುವ ಕರೆಂಟು ಅಲ್ಪ. ಅದೇ ಅಂಕಿಯನ್ನು ಫಿಕ್ಸೆಡ್ ಮಾಡಿ ಎಲ್ಲ ಕೋರ್‌ಗಳಿಗೂ ಭಾರ ಹಾಕುವುದು ಬೇರೆ ಮಾತು.

ಕುಸಿಯದೆಯೇ ನಿಧಾನವಾಗುವ ಯಂತ್ರ ಎಲ್ಲಕ್ಕಿಂತ ಮೋಸಗಾರ. ವೋಲ್ಟೇಜ್ ಸಾಲದಿದ್ದಾಗ ಈಚಿನ ಪ್ರೊಸೆಸರುಗಳು ಕ್ಲಾಕನ್ನು ಕ್ಷಣಕಾಲ ಹಿಗ್ಗಿಸಿ ಬಚಾವಾಗುತ್ತವೆ. ಪರದೆಯ ಮೇಲೆ 5 ಗಿಗಾಹರ್ಟ್ಜ್ ಎಂದೇ ಇರುತ್ತದೆ, ಬೆಂಚ್‌ಮಾರ್ಕ್ ಅಂಕ ಮಾತ್ರ ಇಳಿದಿರುತ್ತದೆ. 'ಎಫೆಕ್ಟಿವ್ ಕ್ಲಾಕ್' ಸಾಲು ನಿಜ ಹೇಳುತ್ತದೆ. ವಿಆರ್‌ಎಮ್ ಕಾದಾಗಲೂ ವೇಗ ಬೀಳುತ್ತದೆ. ಪ್ರೊಸೆಸರಿನ ತಾಪ 75 ಡಿಗ್ರಿ ಇದ್ದು ವೇಗ ಅರ್ಧಕ್ಕೆ ಕುಸಿಯುತ್ತಿದ್ದರೆ ಮಾಸ್‌ಫೆಟ್ ತಾಪ ನೋಡಬೇಕು. ಹೀಟ್‌ಸಿಂಕ್ ಇಲ್ಲದ ಅಗ್ಗದ ಬೋರ್ಡಿನಲ್ಲಿ 16 ಕೋರ್‌ಗಳ ಚಿಪ್ ಕೂರಿಸಿದವರಿಗೆ ಬಯಾಸ್‌ನ ಯಾವ ಸಾಲೂ ನೆರವಾಗದು.

ಪವರ್ ಒತ್ತಿದ ಮೇಲೆ ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಉಳಿದರೆ ಮೊದಲ ಅನುಮಾನ ಮೆಮೊರಿಯ ಮೇಲೆ. ಡಿಡಿಆರ್5 ಬೋರ್ಡುಗಳು ಮೆಮೊರಿ ಟ್ರೇನಿಂಗ್‌ಗೆ ಹಲವು ನಿಮಿಷ ತೆಗೆದುಕೊಳ್ಳುವುದುಂಟು; ಅಷ್ಟರಲ್ಲಿ ತಾಳ್ಮೆಗೆಟ್ಟು ಸ್ವಿಚ್ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಕಾದರೂ ಬಾರದಿದ್ದರೆ ಬಯಾಸ್ ಸೆಟ್ಟಿಂಗುಗಳಿರುವ ಸಿಮಾಸ್ ಅಳಿಸಬೇಕು: ಪ್ಲಗ್ ಕಿತ್ತು, ಕ್ಲಿಯರ್ ಸಿಮಾಸ್ ಪಿನ್‌ಗಳನ್ನು ಜೋಡಿಸುವುದು ಅಥವಾ ಸಿಆರ್2032 ಬಟನ್ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಡುವುದು. ಒಂದು ಚಾನೆಲಿನ ಮೆಮೊರಿ ಮಾತ್ರ ಕಾಣದಿದ್ದರೆ ವೋಲ್ಟೇಜ್ ಏರಿಸುವ ಮುನ್ನ ಪ್ರೊಸೆಸರ್ ಎತ್ತಿ ಸಾಕೆಟ್ಟಿನ ಪಿನ್ ಬಾಗಿದೆಯೇ ಎಂದು ನೋಡುವುದು ಲೇಸು. ಸೆಕೆಂಡ್‌ಹ್ಯಾಂಡ್ ಬೋರ್ಡುಗಳಲ್ಲಿ ಇದು ಸಾಮಾನ್ಯ. 12ನೇ ತಲೆಮಾರಿನ 'ಕೆ' ಅಲ್ಲದ ಇಂಟೆಲ್ ಚಿಪ್‌ಗಳಲ್ಲಿ ಸಿಸ್ಟಮ್ ಏಜೆಂಟ್ ವೋಲ್ಟೇಜಿಗೆ ಬೀಗವಿದೆ. ಅಲ್ಲಿ ಡಿಡಿಆರ್4 3600 ನಿಲ್ಲದಿದ್ದರೆ ಮೆಮೊರಿಯ ವೇಗ ಇಳಿಸುವುದು ಸುಲಭ ಉಪಾಯ.

ಪರೀಕ್ಷೆಯ ಕ್ರಮ

ಮೊದಲು ಎಲ್ಲವನ್ನೂ ಮೂಲ ಸೆಟ್ಟಿಂಗಿಗೆ ತಂದು ಯಂತ್ರ ಸ್ಥಿರವಾಗಿದೆಯೇ ಎಂದು ನೋಡುವುದು. ಎಕ್ಸ್‌ಎಮ್‌ಪಿಯೂ ಒಂದು ಓವರ್‌ಕ್ಲಾಕೇ ಆದ್ದರಿಂದ ಅದನ್ನೂ ಆಫ್ ಮಾಡಬೇಕು. ಇಲ್ಲೇ ಕುಸಿದರೆ ದೋಷ ಓವರ್‌ಕ್ಲಾಕಿಂಗ್‌ನದಲ್ಲ. ಗಟ್ಟಿಯಿದ್ದರೆ ಮೆಮೊರಿಯನ್ನು ಮೂಲ ವೇಗದಲ್ಲೇ ಬಿಟ್ಟು ಕೋರ್ ವೇಗವನ್ನಷ್ಟೇ ಏರಿಸಿ ಪರೀಕ್ಷಿಸುವುದು, ಆಮೇಲೆ ಕೋರನ್ನು ಮೂಲಕ್ಕಿಳಿಸಿ ಮೆಮೊರಿಯನ್ನಷ್ಟೇ ಏರಿಸಿ ಮೆಮ್‌ಟೆಸ್ಟ್86 ಓಡಿಸುವುದು, ಎರಡೂ ಬೇರೆ ಬೇರೆಯಾಗಿ ನಿಂತ ಮೇಲಷ್ಟೇ ಕೂಡಿಸುವುದು. ಕೂಡಿಸಿದಾಗ ಮಾತ್ರ ಕೆಟ್ಟರೆ ಸಿಸ್ಟಮ್ ಏಜೆಂಟ್ ಅಥವಾ ಎಸ್‌ಒಸಿ ವೋಲ್ಟೇಜ್, ಇಲ್ಲವೇ ಪೆಟ್ಟಿಗೆಯೊಳಗಿನ ಬಿಸಿ ಕಾರಣ.

ಒಂದು ಸಲಕ್ಕೆ ಒಂದೇ ಬದಲಾವಣೆ. ವಿಕೋರ್ 10 ಮಿಲಿವೋಲ್ಟಿನಂತೆ ಏರಲಿ. ಎರಡು ಮೂರು ಹೆಜ್ಜೆ ಏರಿಸಿದರೂ ಕುಸಿಯುವ ವೇಳೆಯಲ್ಲಿ ವ್ಯತ್ಯಾಸವಾಗದಿದ್ದರೆ ತಪ್ಪು ವೋಲ್ಟೇಜನ್ನು ಏರಿಸಲಾಗುತ್ತಿದೆ ಎಂದರ್ಥ, ಹಿಂದಕ್ಕೆ ಬರಬೇಕು. ಹತ್ತಾರು ಸಾಲುಗಳನ್ನು ಒಟ್ಟಿಗೆ ತಿದ್ದಿ ಯಂತ್ರ ನಿಂತಿತೆಂದು ಖುಷಿಪಡುವವರಿಗೆ ಅವುಗಳಲ್ಲಿ ಯಾವುದು ಬೇಕಿತ್ತು, ಯಾವುದು ಸುಮ್ಮನೆ ಚಿಪ್ಪನ್ನು ಸವೆಸುತ್ತಿದೆ ಎಂದು ಗೊತ್ತೇ ಆಗುವುದಿಲ್ಲ.

ಉತ್ತರ ಬೆಂಗಳೂರಿನ ಹವೆ, ಕರೆಂಟು

ಕೂಲರ್ ಎಷ್ಟೇ ಒಳ್ಳೆಯದಿರಲಿ, ಕೋಣೆಯ ತಾಪದಿಂದ ಮೇಲಕ್ಕೇ ಅದರ ಲೆಕ್ಕ. ಪ್ರೊಸೆಸರನ್ನು ಕೋಣೆಗಿಂತ 55 ಡಿಗ್ರಿ ಮೇಲೆ ಹಿಡಿದಿಡುವ ಕೂಲರ್ ಡಿಸೆಂಬರಿನ ರಾತ್ರಿ, ಕೋಣೆ 22 ಡಿಗ್ರಿ ಇರುವಾಗ, 77 ತೋರಿಸುತ್ತದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಹಗಲಿನ ಸರಾಸರಿ ಗರಿಷ್ಠ ತಾಪ 34ರ ಆಸುಪಾಸು. ಟೆರೇಸಿನ ಮೇಲೆ ಕಟ್ಟಿದ ಒಂಟಿ ರೂಮಿನಲ್ಲಿ 36 ಆಗುವುದು ಹೆಚ್ಚಲ್ಲ. ಆಗ ಅದೇ ಯಂತ್ರ 91. ಚಳಿಗಾಲದಲ್ಲಿ ಕಷ್ಟಪಟ್ಟು ಹೊಂದಿಸಿದ ಸೆಟ್ಟಿಂಗು ಯುಗಾದಿ ಹೊತ್ತಿಗೆ ಕೈಕೊಡುವುದು ಇದರಿಂದ. ಅಂಥ ಹೊತ್ತಿನಲ್ಲಿ ವಿಕೋರ್ ಏರಿಸಿದರೆ ಬೆಂಕಿಗೆ ತುಪ್ಪ ಸುರಿದಂತೆ. ವೇಗವನ್ನು 100 ಮೆಗಾಹರ್ಟ್ಜ್ ಇಳಿಸಿ ವೋಲ್ಟೇಜನ್ನೂ ತಗ್ಗಿಸಬೇಕು.

ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಅದೇ ತಾಪದ ಗಾಳಿಯ ಸಾಂದ್ರತೆ ಮಂಗಳೂರಿನದಕ್ಕಿಂತ ಹತ್ತನೆಯ ಒಂದು ಪಾಲಿನಷ್ಟು ಕಡಿಮೆ, ಅಷ್ಟರ ಮಟ್ಟಿಗೆ ಫ್ಯಾನ್ ಒಯ್ಯುವ ಬಿಸಿಯೂ ಕಡಿಮೆ. ಇದು ಸಣ್ಣ ಅಂಶ. ಹೆಬ್ಬಾಳದ ಸುತ್ತ ವರ್ಷಗಟ್ಟಲೆ ನಡೆದಿರುವ ರಸ್ತೆ, ಮೆಟ್ರೊ ಕಾಮಗಾರಿಯ ಧೂಳು ಅದಕ್ಕಿಂತ ದೊಡ್ಡದು. ರೇಡಿಯೇಟರಿನ ರೆಕ್ಕೆಗಳ ನಡುವೆ ಧೂಳಿನ ಹಾಸು ಕಟ್ಟಿದ್ದನ್ನು ಬ್ಲೋವರಿನಿಂದ ಊದಿದ ಮೇಲೆ ಹಳೆಯ ಸೆಟ್ಟಿಂಗೇ ಮತ್ತೆ ನಿಲ್ಲುವುದುಂಟು. ನೀರಿನ ಕೂಲಿಂಗನ್ನು ತಾವೇ ಜೋಡಿಸಿಕೊಳ್ಳುವವರು ಬೋರ್‌ವೆಲ್ ನೀರನ್ನು ಹತ್ತಿರ ತರಬಾರದು. ಅದರ ಗಡಸು ಬ್ಲಾಕಿನ ಸಣ್ಣ ಕಾಲುವೆಗಳಲ್ಲಿ ಕಟ್ಟಿಕೊಳ್ಳುತ್ತದೆ.

ಮನೆಗೆ ಬರುವ ಬೆಸ್ಕಾಂ ವೋಲ್ಟೇಜ್ ಏರುಪೇರಾದರೆ ವಿಕೋರ್ ಏರುಪೇರಾಗುತ್ತದೆ ಎಂಬ ನಂಬಿಕೆ ಹರಡಿದೆ. ಅದು ಹಾಗಲ್ಲ. ಆಕ್ಟಿವ್ ಪಿಎಫ್‌ಸಿ, ಅಂದರೆ ಪವರ್ ಫ್ಯಾಕ್ಟರ್ ಕರೆಕ್ಷನ್, ಇರುವ ಪವರ್ ಸಪ್ಲೈ ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗೆ ಏನು ಬಂದರೂ 12 ವೋಲ್ಟನ್ನೇ ಕೊಡುತ್ತದೆ, ಆಮೇಲೆ ವಿಆರ್‌ಎಮ್ ಮತ್ತೊಮ್ಮೆ ನಿಯಂತ್ರಿಸುತ್ತದೆ. ಸ್ಟೆಬಿಲೈಸರ್ ಕೊಂಡು ಓವರ್‌ಕ್ಲಾಕ್ ಸರಿಪಡಿಸಲಾಗದು. ಪಿಎಫ್‌ಸಿ ಇಲ್ಲದ ಅಗ್ಗದ ಪವರ್ ಸಪ್ಲೈಗಳ ಮಾತು ಬೇರೆ: ಸಂಜೆ ಟ್ರಾನ್ಸ್‌ಫಾರ್ಮರಿನ ಮೇಲೆ ಭಾರ ಹೆಚ್ಚಿ ಲೈನ್ ವೋಲ್ಟೇಜ್ ಬಹಳ ಕೆಳಗಿಳಿದಾಗ ಅವುಗಳ 12 ವೋಲ್ಟ್ ಕೂಡ ಕುಗ್ಗಬಹುದು. 11.4ಕ್ಕಿಂತ ಕೆಳಗೆ ಕಂಡರೆ ತೊಂದರೆ ಮದರ್‌ಬೋರ್ಡಿನದಲ್ಲ.

ಇನ್ವರ್ಟರ್ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಕರೆಂಟು ಹೋಗಿ ಇನ್ವರ್ಟರಿಗೆ ಬದಲಾಗುವ ನಡುವಿನ ಅವಧಿ 'ಯುಪಿಎಸ್' ಮೋಡ್‌ನಲ್ಲಿ ಸುಮಾರು 10 ಮಿಲಿಸೆಕೆಂಡ್, 'ನಾರ್ಮಲ್' ಮೋಡ್‌ನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಪವರ್ ಸಪ್ಲೈಯ ಕೆಪಾಸಿಟರುಗಳು ಪೂರ್ಣ ಭಾರದಲ್ಲಿ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ಓವರ್‌ಕ್ಲಾಕ್ ಮಾಡದ ದಿನಗಳಲ್ಲಿ ಭಾರ ಕಡಿಮೆಯಿದ್ದು ದಾಟಿಹೋಗುತ್ತಿದ್ದ ಯಂತ್ರ, ಓವರ್‌ಕ್ಲಾಕ್ ಮಾಡಿದ ಮೇಲೆ ಅದೇ ಅಂತರದಲ್ಲಿ ರೀಸ್ಟಾರ್ಟ್ ಆಗುತ್ತದೆ, ತಪ್ಪು ವಿಕೋರಿನ ತಲೆಗೆ ಬರುತ್ತದೆ. ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಿರುಗಿಸಿ ನೋಡುವುದು ಬಯಾಸ್‌ಗೆ ಹೋಗುವ ಮುನ್ನ ಮಾಡಬೇಕಾದ ಕೆಲಸ. ಚೌಕ ತರಂಗದ ಹಳೆಯ ಇನ್ವರ್ಟರುಗಳನ್ನು ಕೆಲವು ಪಿಎಫ್‌ಸಿ ಪವರ್ ಸಪ್ಲೈಗಳು ಒಪ್ಪುವುದೇ ಇಲ್ಲ.

ಮಿತಿ ಮತ್ತು ಹಾನಿ

ಹೆಚ್ಚು ವೋಲ್ಟೇಜ್, ಹೆಚ್ಚು ಕರೆಂಟು, ಹೆಚ್ಚು ಬಿಸಿ ಕೂಡಿದಾಗ ಚಿಪ್ಪಿನೊಳಗಿನ ಲೋಹದ ತಂತಿಗಳಲ್ಲಿ ಪರಮಾಣುಗಳು ಜರುಗುತ್ತವೆ, ಟ್ರಾನ್ಸಿಸ್ಟರುಗಳ ನಿರೋಧಕ ಪದರ ಸವೆಯುತ್ತದೆ. ಮೊದಲ ಕುರುಹು, ವರ್ಷದ ಹಿಂದೆ 1.25ರಲ್ಲಿ ನಿಲ್ಲುತ್ತಿದ್ದ ವೇಗಕ್ಕೆ ಈಗ 1.28 ಬೇಕಾಗುವುದು.

ಓವರ್‌ಕ್ಲಾಕ್ ಮಾಡದವರಿಗೂ ಇದು ತಟ್ಟಿದ ಪ್ರಸಂಗಗಳು ಈಚೆಗೆ ನಡೆದಿವೆ. 2023ರ ಏಪ್ರಿಲ್‌ನಲ್ಲಿ ರೈಜೆನ್ 7800ಎಕ್ಸ್3ಡಿ ಸೇರಿದಂತೆ ಎಎಮ್5 ಸಾಕೆಟ್ಟಿನ ಕೆಲವು ಚಿಪ್‌ಗಳು ಸುಟ್ಟುಹೋದವು. ಎಕ್ಸ್‌ಪೊ ಮೆಮೊರಿ ಪ್ರೊಫೈಲ್ ಆನ್ ಮಾಡಿದಾಗ ಬೋರ್ಡುಗಳು ಎಸ್‌ಒಸಿ ವೋಲ್ಟೇಜನ್ನು ತಾವಾಗಿಯೇ ಏರಿಸುತ್ತಿದ್ದುದು ಬೆಳಕಿಗೆ ಬಂತು. ಎಎಮ್‌ಡಿ ಅದಕ್ಕೆ 1.3 ವೋಲ್ಟಿನ ಮಿತಿ ಹಾಕಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳು ಅಸ್ಥಿರವಾಗುತ್ತಿವೆ ಎಂಬ ದೂರು 2024ರಲ್ಲಿ ಜೋರಾಯಿತು. ಪ್ರೊಸೆಸರೇ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತೆಂದು ಕಂಪನಿ ಒಪ್ಪಿಕೊಂಡು, ಆಗಸ್ಟ್‌ನಲ್ಲಿ 1.55 ವೋಲ್ಟಿಗೆ ತಡೆ ಹಾಕುವ ಮೈಕ್ರೋಕೋಡನ್ನು ಬಯಾಸ್ ಅಪ್‌ಡೇಟಿನ ಮೂಲಕ ಕೊಟ್ಟು ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಹೊಸ ಮೈಕ್ರೋಕೋಡ್ ಮುಂದಿನ ಸವೆತವನ್ನು ತಡೆಯುತ್ತದೆ, ಆಗಲೇ ಸವೆದ ಚಿಪ್ಪನ್ನು ಸರಿಮಾಡುವುದಿಲ್ಲ. ಈ ತಲೆಮಾರುಗಳ ಯಂತ್ರ ಮೂಲ ಸೆಟ್ಟಿಂಗಿನಲ್ಲೇ ಕುಸಿದರೆ ಬಯಾಸ್ ನವೀಕರಿಸಿ ನೋಡಿ, ಆಗಲೂ ನಿಲ್ಲದಿದ್ದರೆ ಚಿಪ್ಪನ್ನು ವಾರಂಟಿಗೆ ಕಳಿಸುವುದೇ ಸರಿ.

ಅಂಡರ್‌ವೋಲ್ಟಿಂಗ್

ವೇಗವನ್ನು ಹಾಗೆಯೇ ಇಟ್ಟು ವೋಲ್ಟೇಜನ್ನು ಮಾತ್ರ ತಗ್ಗಿಸುವ ಅಂಡರ್‌ವೋಲ್ಟಿಂಗ್ ಕೂಡ ಈಗ ರೂಢಿಯಲ್ಲಿದೆ. ಏರ್ ಕಂಡೀಶನರ್ ಇಲ್ಲದ ಮನೆಗೆ ಇದೇ ಹೆಚ್ಚು ಹೊಂದುತ್ತದೆ. ಕಾರ್ಖಾನೆಯ ಕೋಷ್ಟಕದಲ್ಲಿ ಅತಿ ದುರ್ಬಲ ಚಿಪ್‌ಗೂ ಸಾಲುವಷ್ಟು ಅಂಚು ಬಿಟ್ಟಿರುವುದರಿಂದ 50 ಮಿಲಿವೋಲ್ಟ್ ಕಳೆದರೂ ಹಲವು ಚಿಪ್‌ಗಳು ನಡೆಯುತ್ತವೆ. ಇಲ್ಲಿನ ದೋಷ ಪತ್ತೆಗೆ ಎರಡು ವಿಶೇಷಗಳಿವೆ. 12ನೇ ತಲೆಮಾರಿನಿಂದೀಚೆಗಿನ ಇಂಟೆಲ್ ಚಿಪ್‌ಗಳಲ್ಲಿ ಸಿಇಪಿ ಎಂಬ ರಕ್ಷಣೆ ಆನ್ ಇದ್ದರೆ, ಎಸಿ ಲೋಡ್‌ಲೈನ್ ತಗ್ಗಿಸಿದಾಗ ಯಂತ್ರ ಕುಸಿಯದೆ ವೇಗ ಕಳೆದುಕೊಳ್ಳುತ್ತದೆ. ತಾಪ ಇಳಿಯಿತೆಂದು ಸಮಾಧಾನಪಡುವ ಮುನ್ನ ಬೆಂಚ್‌ಮಾರ್ಕ್ ಅಂಕ ಹೋಲಿಸಬೇಕು. ಇನ್ನೊಂದು, ಆಫ್‌ಸೆಟ್ ಬರೆದರೂ ವೋಲ್ಟೇಜ್ ಕದಲದಿರುವುದು. 2019ರ ಡಿಸೆಂಬರಿನಲ್ಲಿ ಬಯಲಾದ ಪ್ಲಂಡರ್‌ವೋಲ್ಟ್ ದಾಳಿಯಲ್ಲಿ ಸಂಶೋಧಕರು ಸಾಫ್ಟ್‌ವೇರಿನಿಂದ ವೋಲ್ಟೇಜ್ ತಗ್ಗಿಸಿ, ಪ್ರೊಸೆಸರಿನ ಲೆಕ್ಕ ತಪ್ಪಿಸಿ, ಇಂಟೆಲ್‌ನ ಎಸ್‌ಜಿಎಕ್ಸ್ ಸುರಕ್ಷಿತ ಭಾಗದಿಂದ ಗುಪ್ತ ಕೀಲಿಗಳನ್ನು ಹೊರತೆಗೆದು ತೋರಿಸಿದ್ದರು. ಅದಾದ ಮೇಲೆ ಬಂದ ಬಯಾಸ್ ಅಪ್‌ಡೇಟುಗಳು ಹಲವು ಯಂತ್ರಗಳಲ್ಲಿ, ಅದರಲ್ಲೂ ಲ್ಯಾಪ್‌ಟಾಪ್‌ಗಳಲ್ಲಿ, ಈ ಬಾಗಿಲನ್ನೇ ಮುಚ್ಚಿವೆ. ಅಂಥ ಯಂತ್ರಗಳಲ್ಲಿ ಸಾಫ್ಟ್‌ವೇರ್ ಮೈನಸ್ 80 ಮಿಲಿವೋಲ್ಟ್ ಎಂದು ತೋರಿಸುತ್ತಿದ್ದರೂ ಭಾರದ ಹೊತ್ತಿನ ವಿಕೋರ್ ಮೊದಲಿನಷ್ಟೇ ಇರುತ್ತದೆ.